ಆಕಾಶಮಾರ್ಗಕ್ಕೂ ಬೇಕು ಲೆಕ್ಕ ತಪಾಸಣೆ
ವಿಮಾನ ಸಂಚರಣ ಸೇವೆಗಳ ಮೇಲೆ ರಾಷ್ಟ್ರೀಯ ನಿಯಂತ್ರಕರ ಉಸ್ತುವಾರಿ: ಮಲೆನಾಡಿನ ವರ್ತಕರು ಅರಿಯಬೇಕಾದ ಸಂಗತಿಗಳು

ಆಷಾಢದ ಒಂದು ಮುಂಜಾನೆ. ಸಾಗರದ ಅಡಿಕೆ ವರ್ತಕರೊಬ್ಬರು ಉತ್ತರ ಭಾರತದ ಖರೀದಿದಾರರನ್ನು ಕರೆತರಲು ಸೋಗಾನೆಯ ವಿಮಾನ ನಿಲ್ದಾಣಕ್ಕೆ ಕಾರು ಕಳುಹಿಸಿದ್ದಾರೆ ಎಂದಿಟ್ಟುಕೊಳ್ಳಬಹುದು. ಬೆಂಗಳೂರಿನಿಂದ ಹೊರಟ ವಿಮಾನ ಶಿವಮೊಗ್ಗದ ಆಗಸವನ್ನು ತಲುಪುತ್ತದೆ, ಒಂದೆರಡು ಸುತ್ತು ಹಾಕುತ್ತದೆ, ನೆಲ ಕಾಣದೆ ಬಂದ ದಾರಿಯಲ್ಲೇ ಮರಳುತ್ತದೆ. ಗೋದಾಮಿನಲ್ಲಿ ತೆರೆದಿಟ್ಟ ರಾಶಿ, ಬೆಟ್ಟೆ, ಸರಕುಗಳ ಮಾದರಿ ಚೀಲಗಳು ಹಾಗೆಯೇ ಉಳಿಯುತ್ತವೆ. ವ್ಯವಹಾರ ಒಂದು ದಿನ, ಕೆಲವೊಮ್ಮೆ ಒಂದು ವಾರ ಮುಂದಕ್ಕೆ ಹೋಗುತ್ತದೆ. ಆಗ ಸಹಜವಾಗಿ ಏಳುವ ಪ್ರಶ್ನೆ ಇದು: ವಿಮಾನ ಇಳಿಯಬಾರದೆಂದು ತೀರ್ಮಾನಿಸಿದವರು ಯಾರು? ವಿಮಾನ ಸಂಸ್ಥೆಯೇ, ನಿಲ್ದಾಣದ ಆಡಳಿತವೇ, ಗೋಪುರದಲ್ಲಿ ಕುಳಿತ ಅಧಿಕಾರಿಯೇ, ಅಥವಾ ದೆಹಲಿಯ ಯಾವುದೋ ಕಚೇರಿಯೇ?

ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ, ಸಾಮಾನ್ಯ ಪ್ರಯಾಣಿಕನ ಕಣ್ಣಿಗೆ ಬೀಳದ, ಆದರೆ ಪ್ರತಿಯೊಂದು ಹಾರಾಟವನ್ನೂ ಆಳುವ ಒಂದು ವ್ಯವಸ್ಥೆಯ ಪರಿಚಯವಾಗುತ್ತದೆ. ಅದೇ ವಿಮಾನ ಸಂಚರಣ ಸೇವೆ ಮತ್ತು ಅದರ ಮೇಲಿನ ರಾಷ್ಟ್ರೀಯ ಉಸ್ತುವಾರಿ.

ಸೋಗಾನೆಗೆ ಬಂದ ವಿಮಾನ

ಶಿವಮೊಗ್ಗ ಸಮೀಪದ ಸೋಗಾನೆಯ ವಿಮಾನ ನಿಲ್ದಾಣವು 2023ರ ಫೆಬ್ರುವರಿ 27ರಂದು ಪ್ರಧಾನಮಂತ್ರಿಯವರಿಂದ ಉದ್ಘಾಟನೆಗೊಂಡಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಾಣಿಜ್ಯ ವಿಮಾನ ಬಂದಿಳಿಯಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆಯಲ್ಲಿ ಬಾಲ್ಯ ಕಳೆದ ರಾಷ್ಟ್ರಕವಿ ಕುವೆಂಪು ಅವರ ಹೆಸರನ್ನು ಹೊತ್ತ ಈ ನಿಲ್ದಾಣಕ್ಕೆ ಮೂರು ಕಿ.ಮೀ.ಗೂ ಹೆಚ್ಚು ಉದ್ದದ ರನ್‌ವೇ ಇದೆ. ಇದರ ನಿರ್ವಹಣೆ ರಾಜ್ಯ ಸರ್ಕಾರದ ಉದ್ಯಮವಾದ ಕರ್ನಾಟಕ ರಾಜ್ಯ ಕೈಗಾರಿಕಾ ಮತ್ತು ಮೂಲಸೌಲಭ್ಯ ಅಭಿವೃದ್ಧಿ ನಿಗಮದ್ದು.

ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಈ ನಿಲ್ದಾಣ ಒಂದೂವರೆ, ಎರಡು ಗಂಟೆಗಳ ರಸ್ತೆ ಪ್ರಯಾಣದ ದೂರದಲ್ಲಿದೆ. ಅಡಿಕೆಯ ಮೂಟೆ ವಿಮಾನದಲ್ಲಿ ಹೋಗುವುದಿಲ್ಲ. ಅದು ಲಾರಿಯಲ್ಲೇ ಹೋಗುತ್ತದೆ, ಮುಂದೆಯೂ ಹಾಗೆಯೇ ಹೋಗುವುದು. ಆದರೆ ಅಡಿಕೆಯನ್ನು ಕೊಳ್ಳುವವರು, ಯಂತ್ರ ದುರಸ್ತಿಗೆ ಬರುವ ತಂತ್ರಜ್ಞರು, ಜೋಗ, ಆಗುಂಬೆ, ಕೊಡಚಾದ್ರಿಗಳಿಗೆ ಬರುವ ಪ್ರವಾಸಿಗರು ವಿಮಾನದಲ್ಲಿ ಬರುತ್ತಾರೆ. ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆಯಂತಹ, ತೂಕ ಕಡಿಮೆ, ಬೆಲೆ ಹೆಚ್ಚು ಇರುವ ಸರಕಿಗೂ ಈ ಮಾರ್ಗ ಉಪಯುಕ್ತ. ಆದುದರಿಂದ ವಿಮಾನದ ಸಮಯಪಾಲನೆ ಮತ್ತು ಸುರಕ್ಷತೆ ಮಲೆನಾಡಿನ ವರ್ತಕರ ಲಾಭನಷ್ಟದ ಖಾತೆಗೆ ಸೇರಿದ ವಿಷಯಗಳೇ ಆಗಿವೆ.

ಸಂಚರಣ ಸೇವೆ ಎಂದರೇನು?

ವಿಮಾನ ನಿಲ್ದಾಣವೆಂದರೆ ಕಟ್ಟಡ ಮತ್ತು ರನ್‌ವೇ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ವಿಮಾನ ಹಾರಲು ಇವೆರಡೂ ಸಾಲವು. ಎರಡು ವಿಮಾನಗಳ ನಡುವೆ ಅಂತರ ಕಾಯುವ ಸಂಚಾರ ನಿಯಂತ್ರಣ, ಪೈಲಟ್ ಹಾಗೂ ನಿಯಂತ್ರಕರ ನಡುವಿನ ರೇಡಿಯೋ ಸಂಪರ್ಕ, ದಿಕ್ಕು ತೋರುವ ನೆಲದ ಉಪಕರಣಗಳು ಮತ್ತು ರಾಡಾರ್, ರನ್‌ವೇ ಹಾಗೂ ಉಪಕರಣಗಳ ಸ್ಥಿತಿಗತಿಯನ್ನು ಪೈಲಟ್‌ಗಳಿಗೆ ತಿಳಿಸುವ ಮಾಹಿತಿ ಸೇವೆ, ಹವಾಮಾನ ವರದಿ, ಅಪಘಾತವಾದಲ್ಲಿ ಶೋಧ ಮತ್ತು ರಕ್ಷಣೆ. ಇವೆಲ್ಲವೂ ಸೇರಿ ವಿಮಾನ ಸಂಚರಣ ಸೇವೆ ಎನಿಸಿಕೊಳ್ಳುತ್ತದೆ.

ಭಾರತದಲ್ಲಿ ಹವಾಮಾನ ವರದಿಯನ್ನು ಭಾರತೀಯ ಹವಾಮಾನ ಇಲಾಖೆ ನೀಡುತ್ತದೆ. ನಾಗರಿಕ ವಿಮಾನಗಳ ಸಂಚಾರ ನಿಯಂತ್ರಣ, ಸಂಪರ್ಕ ಮತ್ತು ಮಾರ್ಗದರ್ಶನದ ಮುಖ್ಯ ಹೊಣೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ್ದು. ನಿಲ್ದಾಣದ ಒಡೆತನ ಯಾರದೇ ಆಗಿರಲಿ, ಖಾಸಗಿ ಸಂಸ್ಥೆ ನಡೆಸುವ ಬೆಂಗಳೂರಿನ ಕೆಂಪೇಗೌಡ ನಿಲ್ದಾಣವಾಗಲಿ, ರಾಜ್ಯ ಸರ್ಕಾರದ ಶಿವಮೊಗ್ಗ ನಿಲ್ದಾಣವಾಗಲಿ, ಗೋಪುರದಲ್ಲಿ ಕುಳಿತಿರುವವರು ಪ್ರಾಧಿಕಾರದ ಅಧಿಕಾರಿಗಳು. ಗೋವಾದ ದಾಬೋಲಿಮ್‌ನಂತಹ ರಕ್ಷಣಾ ನಿಲ್ದಾಣಗಳಲ್ಲಿ ಮಾತ್ರ ಈ ಕಾರ್ಯ ಸೇನಾಪಡೆಗಳ ಕೈಯಲ್ಲಿದೆ. ದೇಶದ ಆಕಾಶವನ್ನು ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ ಎಂದು ನಾಲ್ಕು ಪ್ರಮುಖ ಮಾಹಿತಿ ವಲಯಗಳಾಗಿ ವಿಂಗಡಿಸಲಾಗಿದೆ.

ಲೆಕ್ಕ ಬರೆಯುವವನೇ ತಪಾಸಣೆ ಮಾಡಿದರೆ?

ವಾಣಿಜ್ಯ ಲೋಕದಲ್ಲಿ ಒಂದು ಮೂಲಭೂತ ಸೂತ್ರವಿದೆ. ಲೆಕ್ಕಪತ್ರ ಬರೆದವನೇ ಅದರ ತಪಾಸಣೆ ಮಾಡಿ ಸಹಿ ಹಾಕಬಾರದು. ಬರೆದವನು ಅಪ್ರಾಮಾಣಿಕನೆಂದು ಇದರ ಅರ್ಥವಲ್ಲ. ತನ್ನ ತಪ್ಪು ತನ್ನ ಕಣ್ಣಿಗೆ ಬೀಳದೆಂಬುದು ಇದರ ಅರ್ಥ. ವಿಮಾನಯಾನ ಕ್ಷೇತ್ರದಲ್ಲಿ ಈ ಸೂತ್ರ ಜಾರಿಗೆ ಬರಲು ದಶಕಗಳೇ ಬೇಕಾದವು.

1986ಕ್ಕೆ ಮುನ್ನ ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶಕರ ಅಧೀನದ ಇಲಾಖೆಯೇ ನಿಯಮಗಳನ್ನೂ ರೂಪಿಸುತ್ತಿತ್ತು, ಸಂಚಾರ ನಿಯಂತ್ರಣವನ್ನೂ ನಡೆಸುತ್ತಿತ್ತು. ಪರೀಕ್ಷಕನೂ ಅಭ್ಯರ್ಥಿಯೂ ಒಬ್ಬನೇ ಆಗಿದ್ದ ಕಾಲವದು. 1986ರಲ್ಲಿ ರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರ ಅಸ್ತಿತ್ವಕ್ಕೆ ಬಂದು ಸೇವೆಯ ಭಾಗ ಪ್ರತ್ಯೇಕವಾಯಿತು. ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರದೊಡನೆ ಅದು ವಿಲೀನಗೊಂಡು 1995ರ ಏಪ್ರಿಲ್ 1ರಂದು ಇಂದಿನ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಜನ್ಮ ತಾಳಿತು. ನಿಯಮ ರೂಪಿಸುವ, ಪರವಾನಗಿ ನೀಡುವ ಮತ್ತು ತಪಾಸಣೆ ಮಾಡುವ ಕಾರ್ಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಲ್ಲಿ, ಅಂದರೆ ಡಿಜಿಸಿಎಯಲ್ಲಿ, ಉಳಿಯಿತು.

ಅನ್ಯ ದೇಶಗಳೂ ಇದೇ ಹಾದಿ ಹಿಡಿದಿವೆ. ಆಸ್ಟ್ರೇಲಿಯಾ 1995ರಲ್ಲಿ ಸೇವಾ ಸಂಸ್ಥೆಯನ್ನೂ ಸುರಕ್ಷತಾ ನಿಯಂತ್ರಕ ಸಂಸ್ಥೆಯನ್ನೂ ಬೇರ್ಪಡಿಸಿತು. ಕೆನಡಾ 1996ರಲ್ಲಿ ಸೇವೆಯನ್ನು ಲಾಭರಹಿತ ಖಾಸಗಿ ನಿಗಮವೊಂದಕ್ಕೆ ವಹಿಸಿ, ನಿಯಂತ್ರಣವನ್ನು ಸರ್ಕಾರದಲ್ಲೇ ಇರಿಸಿಕೊಂಡಿತು. ಅಮೆರಿಕದಲ್ಲಿ ಮಾತ್ರ ಎರಡೂ ಕಾರ್ಯಗಳು ಇಂದಿಗೂ ಒಂದೇ ಫೆಡರಲ್ ಸಂಸ್ಥೆಯ ಛತ್ರದಡಿಯಲ್ಲಿವೆ.

ಭಾರತದಲ್ಲಿ ಬಹುಕಾಲ ಒಂದು ಕೊರತೆ ಉಳಿದಿತ್ತು. ಡಿಜಿಸಿಎ ಕೇಂದ್ರ ಸಚಿವಾಲಯದ ಅಂಗ ಕಚೇರಿಯಾಗಿತ್ತೇ ಹೊರತು, ಕಾಯಿದೆಯೇ ಸ್ಥಾಪಿಸಿದ ಶಾಸನಬದ್ಧ ಸಂಸ್ಥೆಯಾಗಿರಲಿಲ್ಲ. 1934ರ ವಿಮಾನ ಕಾಯಿದೆಗೆ 2020ರಲ್ಲಿ ತಂದ ತಿದ್ದುಪಡಿ ಅದಕ್ಕೆ ಶಾಸನಬದ್ಧ ಸ್ಥಾನ ನೀಡಿತು, ವಿಮಾನ ಸಂಚರಣದ ಎಲ್ಲ ಅಂಗಗಳ ನಿಯಂತ್ರಣವನ್ನು ಕಾಯಿದೆಯ ವ್ಯಾಪ್ತಿಗೆ ತಂದಿತು ಮತ್ತು ಗರಿಷ್ಠ ದಂಡವನ್ನು 10 ಲಕ್ಷ ರೂ.ಗಳಿಂದ 1 ಕೋಟಿ ರೂ.ಗಳಿಗೆ ಏರಿಸಿತು. ಹಳೆಯ ಕಾಯಿದೆಯ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮ, 2024 ಎಂಬ ಹೊಸ ಕಾಯಿದೆ 2025ರ ಜನವರಿ 1ರಿಂದ ಜಾರಿಯಲ್ಲಿದೆ.

ಉಸ್ತುವಾರಿ ನಡೆಯುವ ಬಗೆ

ನಿಯಂತ್ರಕರ ಕಾರ್ಯವನ್ನು ನಾಲ್ಕು ಹಂತಗಳಲ್ಲಿ ಗ್ರಹಿಸಬಹುದು.

ಮೊದಲನೆಯದು ನಿಯಮ ರಚನೆ. 1944ರ ಡಿಸೆಂಬರ್ 7ರ ಷಿಕಾಗೋ ಒಪ್ಪಂದದ ಅನುಬಂಧಗಳಲ್ಲಿ ಅಂತರರಾಷ್ಟ್ರೀಯ ಮಾನದಂಡಗಳಿವೆ. ಸಂಪರ್ಕ ಮತ್ತು ಮಾರ್ಗದರ್ಶನ ಉಪಕರಣಗಳಿಗೆ 10ನೆಯ ಅನುಬಂಧ, ಸಂಚಾರ ಸೇವೆಗೆ 11ನೆಯದು, ನಿಲ್ದಾಣಗಳಿಗೆ 14ನೆಯದು, ಸುರಕ್ಷತಾ ನಿರ್ವಹಣೆಗೆ 19ನೆಯದು. ಇವನ್ನು ಡಿಜಿಸಿಎ ದೇಶೀಯ ಅಗತ್ಯ ನಿಯಮಗಳಾಗಿ ಹೊರಡಿಸುತ್ತದೆ.

ಎರಡನೆಯದು ಪರವಾನಗಿ. ನಿಲ್ದಾಣಕ್ಕೆ ಪರವಾನಗಿ ಬೇಕು. ಅದು ಹಗಲಿನ ಹಾರಾಟಕ್ಕೆ ಮಾತ್ರವೇ, ರಾತ್ರಿಗೂ ಸಲ್ಲುವುದೇ, ಕಣ್ಣಳತೆಯ ಹಾರಾಟಕ್ಕೋ ಉಪಕರಣ ಆಧಾರಿತ ಹಾರಾಟಕ್ಕೋ ಎಂಬುದು ಅಲ್ಲಿ ನಮೂದಾಗಿರುತ್ತದೆ. ಸಂಚಾರ ನಿಯಂತ್ರಕರಿಗೂ ವೈದ್ಯಕೀಯ ಅರ್ಹತೆ ಮತ್ತು ಪರವಾನಗಿ ಅಗತ್ಯ.

ಮೂರನೆಯದು ತಪಾಸಣೆ. ಸೇವೆ ನೀಡುವ ಸಂಸ್ಥೆ ತನ್ನದೇ ಆದ ಸುರಕ್ಷತಾ ನಿರ್ವಹಣಾ ವ್ಯವಸ್ಥೆಯನ್ನು ಇರಿಸಿಕೊಂಡಿದೆಯೇ, ಉಪಕರಣಗಳ ಪರೀಕ್ಷೆ ಕಾಲಕಾಲಕ್ಕೆ ಆಗಿದೆಯೇ, ಸಿಬ್ಬಂದಿಯ ದುಡಿಮೆಯ ಅವಧಿ ಮಿತಿಯಲ್ಲಿದೆಯೇ ಎಂಬುದನ್ನು ನಿಯಂತ್ರಕರು ಪರಿಶೀಲಿಸುತ್ತಾರೆ. ಒಳಗಿನ ತಪಾಸಣೆ ಪ್ರಾಧಿಕಾರದ್ದು. ಶಾಸನಬದ್ಧ ಹೊರ ತಪಾಸಣೆ ಡಿಜಿಸಿಎಯದು.

ನಾಲ್ಕನೆಯದು ಕ್ರಮ. ದೋಷ ಕಂಡಲ್ಲಿ ಕಾಲಮಿತಿ ನೀಡುವುದು, ಪರವಾನಗಿಯ ಅವಧಿಯನ್ನು ಮೊಟಕುಗೊಳಿಸುವುದು, ದಂಡ ವಿಧಿಸುವುದು ಇದರಲ್ಲಿ ಸೇರಿವೆ. ಶಿವಮೊಗ್ಗ ನಿಲ್ದಾಣದ ಪರವಾನಗಿಯನ್ನೇ 2024ರಲ್ಲಿ, ಕೆಲವು ಲೋಪಗಳ ಕಾರಣದಿಂದ, ಅಲ್ಪಾವಧಿಗೆ ಮಾತ್ರ ವಿಸ್ತರಿಸಲಾಗಿತ್ತು. ಜಿಲ್ಲೆಯಲ್ಲಿ ಆಗ ಆತಂಕ ಮೂಡಿದ್ದು ನಿಜ. ಆದರೆ ತಪಾಸಕರು ಷರತ್ತು ಹಾಕಿದ ವರದಿ ನೀಡಿದರೆ ಅಂಗಡಿ ಮುಚ್ಚಿತೆಂದು ಅರ್ಥವಲ್ಲ. ಲೋಪ ತಿದ್ದಿಕೊಳ್ಳಲು ಅವಕಾಶ ದೊರೆಯಿತೆಂದು ಅರ್ಥ.

ಇಷ್ಟಕ್ಕೇ ಮುಗಿಯುವುದಿಲ್ಲ. ತಪಾಸಕರನ್ನು ತಪಾಸಿಸುವವರೂ ಇದ್ದಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಸದಸ್ಯ ರಾಷ್ಟ್ರಗಳ ಉಸ್ತುವಾರಿ ಸಾಮರ್ಥ್ಯವನ್ನು ಎಂಟು ಕ್ಷೇತ್ರಗಳಲ್ಲಿ ಅಳೆಯುತ್ತದೆ. ಸಂಚರಣ ಸೇವೆ ಅವುಗಳಲ್ಲೊಂದು. 2022ರ ನವೆಂಬರ್ ತಿಂಗಳ ಪರಿಶೀಲನೆಯ ಬಳಿಕ ಭಾರತದ ಒಟ್ಟು ಅಂಕ ಶೇ. 69.95ರಿಂದ ಶೇ. 85.65ಕ್ಕೆ ಏರಿತು. ಇದಕ್ಕೆ ಮುನ್ನ, 2014ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಭಾರತದ ಸುರಕ್ಷತಾ ಉಸ್ತುವಾರಿಯನ್ನು ಎರಡನೆಯ ದರ್ಜೆಗೆ ಇಳಿಸಿತ್ತು. 2015ರ ಏಪ್ರಿಲ್‌ನಲ್ಲಿ ಮೊದಲ ದರ್ಜೆ ಮರಳಿ ದೊರೆಯಿತು. ಆ ಅವಧಿಯಲ್ಲಿ ಭಾರತೀಯ ವಿಮಾನ ಸಂಸ್ಥೆಗಳು ಅಮೆರಿಕಕ್ಕೆ ಹೊಸ ಸೇವೆ ಆರಂಭಿಸುವಂತಿರಲಿಲ್ಲ. ನಿಯಂತ್ರಕರ ದೌರ್ಬಲ್ಯ ಉದ್ಯಮದ ಮಾರುಕಟ್ಟೆಯನ್ನೇ ಕುಗ್ಗಿಸಬಲ್ಲದೆಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಅಪಘಾತಗಳು ಕಲಿಸಿದ ಪಾಠ

ಈ ನಿಯಮಗಳಲ್ಲಿ ಹಲವು ದುಬಾರಿ ಬೆಲೆ ತೆತ್ತು ಬಂದವು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಆಗಸದಲ್ಲಿ ಸೌದಿ ಅರೇಬಿಯಾದ ಮತ್ತು ಕಜಕಸ್ತಾನದ ವಿಮಾನಗಳು ಡಿಕ್ಕಿ ಹೊಡೆದು 349 ಮಂದಿ ಮೃತರಾದರು. ಕಜಕ್ ವಿಮಾನ ನಿಗದಿತ ಎತ್ತರಕ್ಕಿಂತ ಕೆಳಗಿಳಿದದ್ದೇ ಕಾರಣವೆಂದು ವಿಚಾರಣೆ ಹೇಳಿತು. ಆದರೆ ಆಗ ದೆಹಲಿಯ ನಿಯಂತ್ರಕರ ಮುಂದಿದ್ದ ರಾಡಾರ್ ವಿಮಾನದ ಎತ್ತರವನ್ನು ತೋರಿಸುತ್ತಿರಲಿಲ್ಲ. ಹೋಗುವ, ಬರುವ ವಿಮಾನಗಳಿಗೆ ಒಂದೇ ಮಾರ್ಗವಿತ್ತು. ಅನಂತರ ಮಾರ್ಗಗಳು ಬೇರೆಯಾದವು, ಎತ್ತರ ತೋರುವ ರಾಡಾರ್ ಬಂದಿತು, ಡಿಕ್ಕಿ ಎಚ್ಚರಿಕೆ ಉಪಕರಣ ಕಡ್ಡಾಯವಾಯಿತು.

2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗೆನ್ ಬಳಿ ಎರಡು ವಿಮಾನಗಳು ಡಿಕ್ಕಿ ಹೊಡೆದು 71 ಮಂದಿ ಅಸುನೀಗಿದರು. ಆ ಆಕಾಶವನ್ನು ನಿಯಂತ್ರಿಸುತ್ತಿದ್ದ ಸ್ವಿಸ್ ಕೇಂದ್ರದಲ್ಲಿ ಒಬ್ಬರೇ ನಿಯಂತ್ರಕರು ಎರಡು ಮೇಜುಗಳ ಕೆಲಸ ಮಾಡುತ್ತಿದ್ದರು. ದೂರವಾಣಿ ವ್ಯವಸ್ಥೆ ದುರಸ್ತಿಯಲ್ಲಿತ್ತು. ಸಿಬ್ಬಂದಿ ಸಂಖ್ಯೆಯೂ ಸುರಕ್ಷತೆಯ ಒಂದು ಉಪಕರಣವೆಂಬುದು ಅಂದು ಲೋಕಕ್ಕೆ ಮನವರಿಕೆಯಾಯಿತು.

ಕರ್ನಾಟಕಕ್ಕೆ ಹತ್ತಿರದ ನೋವು ಮಂಗಳೂರಿನದು. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿ, 166 ಮಂದಿಯಲ್ಲಿ 158 ಮಂದಿ ಪ್ರಾಣ ಕಳೆದುಕೊಂಡರು. ಅಸ್ಥಿರವಾಗಿದ್ದ ಇಳಿಯುವಿಕೆಯನ್ನು ಕಮಾಂಡರ್ ಕೈಬಿಡದಿದ್ದುದೇ ನೇರ ಕಾರಣವೆಂದು ವಿಚಾರಣಾ ವರದಿ ತಿಳಿಸಿತು. ಎರಡು ದಿನಗಳ ಹಿಂದಿನಿಂದ ಮಂಗಳೂರಿನ ರಾಡಾರ್ ಕಾರ್ಯ ನಿರ್ವಹಿಸುತ್ತಿರಲಿಲ್ಲ ಮತ್ತು ಆ ಬಗ್ಗೆ ಪೈಲಟ್‌ಗಳಿಗೆ ಅಧಿಕೃತ ಸೂಚನೆ ಹೊರಟಿತ್ತು ಎಂಬುದನ್ನೂ ವರದಿ ದಾಖಲಿಸಿತು. ಅದು ಅಪಘಾತದ ಕಾರಣವಲ್ಲ. ಆದರೆ ಸುರಕ್ಷತೆಯ ಸರಪಳಿಯಲ್ಲಿ ಯಾವ ಕೊಂಡಿ ಎಂದು ಸಡಿಲವಾಗಿತ್ತೆಂಬುದರ ದಾಖಲೆ ಇರಬೇಕೆಂಬುದು ಉಸ್ತುವಾರಿಯ ತಿರುಳು.

ಮಂಜು, ಮೋಡ ಮತ್ತು ಐದು ಕಿಲೋಮೀಟರ್

ಈಗ ಸಾಗರದ ವರ್ತಕರ ಪ್ರಶ್ನೆಗೆ ಮರಳಬಹುದು. ಕಣ್ಣಳತೆಯ ಹಾರಾಟದ ನಿಯಮದಂತೆ ನಿಲ್ದಾಣದ ನಿಯಂತ್ರಣ ವಲಯದಲ್ಲಿ ಕನಿಷ್ಠ 5 ಕಿ.ಮೀ. ಗೋಚರತೆ ಇರಬೇಕು, ಮೋಡದ ತಳ ನೆಲದಿಂದ 1,500 ಅಡಿಗಿಂತ ಕೆಳಗಿರಬಾರದು. ಇದು ಅಂತರರಾಷ್ಟ್ರೀಯ ಮಾನದಂಡ. ಸೋಗಾನೆಯಲ್ಲಿ ಹಾರಾಟ ಆರಂಭವಾದದ್ದು ಹಗಲಿನ ಸೇವೆಯಾಗಿ. ಆಗುಂಬೆ, ಹುಲಿಕಲ್‌ಗಳಂತಹ ಮಳೆಯ ತವರುಗಳಿರುವ ಜಿಲ್ಲೆಯಲ್ಲಿ ಮಳೆಗಾಲದ ಮುಂಜಾನೆ ಈ ಷರತ್ತು ಪೂರೈಸುವುದು ಕಷ್ಟ. ವಿಮಾನಗಳು ತಡವಾದದ್ದು, ಮರಳಿಹೋದದ್ದು ಈ ಕಾರಣದಿಂದಲೇ.

ಇದಕ್ಕೆ ಪರಿಹಾರ ನಿಯಮವನ್ನು ಸಡಿಲಿಸುವುದಲ್ಲ, ಉಪಕರಣವನ್ನು ಅಳವಡಿಸುವುದು. ನೆಲದಿಂದ ದಿಕ್ಕು ಮತ್ತು ದೂರವನ್ನು ತಿಳಿಸುವ ಡಿವಿಒಆರ್ ಹಾಗೂ ಡಿಎಂಇ ಉಪಕರಣಗಳ ನೆರವಿನಿಂದ ಕಡಿಮೆ ಗೋಚರತೆಯಲ್ಲೂ ರನ್‌ವೇಯನ್ನು ಸಮೀಪಿಸಬಹುದು. ಐಎಲ್‌ಎಸ್ ಎಂಬ ಇಳಿಯುವಿಕೆ ವ್ಯವಸ್ಥೆಯ ಮೊದಲ ದರ್ಜೆಯಿದ್ದಲ್ಲಿ ರನ್‌ವೇ ಗೋಚರತೆ 550 ಮೀಟರ್ ಇದ್ದರೂ ಸಾಕು. ಇಸ್ರೋ ಮತ್ತು ಪ್ರಾಧಿಕಾರ ಜೊತೆಗೂಡಿ ರೂಪಿಸಿದ ಗಗನ್ ಎಂಬ ಉಪಗ್ರಹ ಆಧಾರಿತ ವ್ಯವಸ್ಥೆ ಮತ್ತೊಂದು ದಾರಿ. 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಎಟಿಆರ್ ವಿಮಾನವೊಂದು ಗಗನ್ ನೆರವಿನಿಂದ ಇಳಿಯಿತು. ನೆಲದ ಮೇಲೆ ದುಬಾರಿ ಉಪಕರಣ ಬೇಡದ ಈ ವಿಧಾನ ಸಣ್ಣ ನಿಲ್ದಾಣಗಳಿಗೆ ಹೇಳಿ ಮಾಡಿಸಿದಂತಿದೆ.

ಆದರೆ ಉಪಕರಣ ಕೊಂಡು ತಂದ ಮಾತ್ರಕ್ಕೆ ಅದರ ಬಳಕೆ ಆರಂಭವಾಗುವುದಿಲ್ಲ. ವಿಶೇಷ ವಿಮಾನ ಹಾರಿಸಿ ಅದರ ನಿಖರತೆ ಅಳೆಯಬೇಕು, ಸಮೀಪಿಸುವ ಮಾರ್ಗವನ್ನು ಗುಡ್ಡ, ಗೋಪುರಗಳ ಎತ್ತರ ಲೆಕ್ಕಹಾಕಿ ರೂಪಿಸಬೇಕು, ಡಿಜಿಸಿಎ ಅನುಮೋದಿಸಬೇಕು. ತೂಕದ ಯಂತ್ರವನ್ನು ಕೊಂಡರೂ ಮುದ್ರೆ ಬೀಳದೆ ಅಂಗಡಿಯಲ್ಲಿ ಬಳಸುವಂತಿಲ್ಲವಷ್ಟೆ; ಇದೂ ಅಂತೆಯೇ.

ಖರ್ಚು ಯಾರ ತಲೆಗೆ?

ಸಂಚರಣ ಸೇವೆ ಉಚಿತವಲ್ಲ. ವಿಮಾನದ ತೂಕ ಮತ್ತು ಹಾರುವ ದೂರವನ್ನು ಆಧರಿಸಿ ಮಾರ್ಗ ಸಂಚರಣ ಶುಲ್ಕವನ್ನೂ, ನಿಲ್ದಾಣದ ಬಳಿಯ ಸೇವೆಗೆ ಪ್ರತ್ಯೇಕ ಶುಲ್ಕವನ್ನೂ ಪ್ರಾಧಿಕಾರ ವಿಮಾನ ಸಂಸ್ಥೆಗಳಿಂದ ವಸೂಲು ಮಾಡುತ್ತದೆ. ಅಂತಿಮವಾಗಿ ಅದು ಟಿಕೆಟ್ ದರದಲ್ಲಿ ಸೇರುತ್ತದೆ. 2016ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಉಡಾನ್ ಯೋಜನೆಯ ಹಾರಾಟಗಳಿಗೆ ನಿಲ್ದಾಣ ಸಂಚರಣ ಶುಲ್ಕದಿಂದ ವಿನಾಯಿತಿ ಇದ್ದು, ಮಾರ್ಗ ಶುಲ್ಕವನ್ನು ಸಾಮಾನ್ಯ ದರದ ಶೇ. 42.5ರಷ್ಟಕ್ಕೆ ಮಿತಿಗೊಳಿಸಲಾಯಿತು.

2009ರಲ್ಲಿ ಸ್ಥಾಪನೆಯಾದ ವಿಮಾನ ನಿಲ್ದಾಣ ಆರ್ಥಿಕ ನಿಯಂತ್ರಣ ಪ್ರಾಧಿಕಾರವು ಪ್ರಮುಖ ನಿಲ್ದಾಣಗಳ ದರಗಳನ್ನು ನಿಗದಿಗೊಳಿಸುತ್ತದೆ. 2019ರ ತಿದ್ದುಪಡಿಯಂತೆ ವಾರ್ಷಿಕ 35 ಲಕ್ಷ ಪ್ರಯಾಣಿಕರನ್ನು ಮೀರಿದ ನಿಲ್ದಾಣವೇ ಪ್ರಮುಖ ನಿಲ್ದಾಣ. ಶಿವಮೊಗ್ಗ ಆ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ಸುರಕ್ಷತೆಗೆ ಒಬ್ಬ ನಿಯಂತ್ರಕರಿದ್ದರೂ, ಸಣ್ಣ ನಿಲ್ದಾಣದ ದರದ ಬಗ್ಗೆ ಬಳಕೆದಾರರ ಅಹವಾಲು ಆಲಿಸುವ ಸ್ವತಂತ್ರ ವೇದಿಕೆ ಇಲ್ಲವೆಂಬುದು ವಾಣಿಜ್ಯ ಸಂಸ್ಥೆಗಳು ಗಮನಿಸಬೇಕಾದ ಅಂಶ.

ಕಾವಲುಗಾರನ ಬಲ ಸಾಕೇ?

ವ್ಯವಸ್ಥೆಯ ರಚನೆ ಸಮರ್ಪಕವಾಗಿದ್ದರೂ ಅದರ ಬಲ ಸಾಲದು. 2025ರ ಆಗಸ್ಟ್‌ನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯ ವರದಿಯು ಡಿಜಿಸಿಎಯ ಮಂಜೂರಾದ ಹುದ್ದೆಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಖಾಲಿ ಇರುವುದನ್ನು ಎತ್ತಿ ತೋರಿಸಿತು. ಸಂಚಾರ ನಿಯಂತ್ರಕರ ಆಯಾಸದ ಬಗ್ಗೆಯೂ ಕಳವಳ ವ್ಯಕ್ತಪಡಿಸಿತು. ಅದೇ ವರ್ಷ ನವೆಂಬರ್ 7ರಂದು ದೆಹಲಿಯಲ್ಲಿ ಹಾರಾಟ ಯೋಜನೆಗಳನ್ನು ರವಾನಿಸುವ ಸ್ವಯಂಚಾಲಿತ ಸಂದೇಶ ವ್ಯವಸ್ಥೆ ಕೈಕೊಟ್ಟು, ನಿಯಂತ್ರಕರು ಕೈಯಿಂದಲೇ ಕಾರ್ಯ ನಡೆಸಬೇಕಾಯಿತು. ಎಂಟುನೂರಕ್ಕೂ ಹೆಚ್ಚು ವಿಮಾನಗಳು ವಿಳಂಬಗೊಂಡವು. ಯಾರಿಗೂ ಅಪಾಯವಾಗಲಿಲ್ಲವೆಂಬುದು ಸಮಾಧಾನ. ಹಳೆಯ ಉಪಕರಣವನ್ನು ಯಾವಾಗ ಬದಲಿಸಬೇಕೆಂದು ಕೇಳುವ ಕಾವಲುಗಾರನ ಬಳಿ ಸಾಕಷ್ಟು ಜನ ಇರಬೇಕೆಂಬುದು ಪಾಠ.

ವರ್ತಕರು ಮಾಡಬೇಕಾದದ್ದು

ಈ ಉಸ್ತುವಾರಿ ಮಲೆನಾಡಿನ ತೋಟದವರೆಗೂ ಬಂದಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಡ್ರೋನ್ ಬಾಡಿಗೆಗೆ ನೀಡುವವರು 2021ರ ಡ್ರೋನ್ ನಿಯಮಗಳನ್ನು ಪಾಲಿಸಬೇಕು. ನಿಲ್ದಾಣದ ಸರಹದ್ದಿನಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿಗಿಂತ ಮೇಲೆ ಹಾರಿಸಲು ಸಂಚಾರ ನಿಯಂತ್ರಕರ ಅನುಮತಿ ಬೇಕು; ಇನ್ನೂ ಸಮೀಪದಲ್ಲಿ ನಿರ್ಬಂಧ ಮತ್ತಷ್ಟು ಬಿಗಿ. ಸಾಗರ, ಹೊಸನಗರ, ತೀರ್ಥಹಳ್ಳಿ ಪಟ್ಟಣಗಳು ಈ ವಲಯದಿಂದ ದೂರವಿದ್ದರೂ, ಅಧಿಕೃತ ನಕ್ಷೆಯನ್ನು ನೋಡಿಯೇ ಹಾರಿಸುವುದು ಕ್ಷೇಮ. ಸೋಗಾನೆ ಸುತ್ತಮುತ್ತ ಚಿಮಣಿ, ಗೋಪುರ ಅಥವಾ ಬಹುಮಹಡಿ ಗೋದಾಮು ಕಟ್ಟುವ ಉದ್ಯಮಿಗಳು 2015ರ ಎತ್ತರ ನಿರ್ಬಂಧ ನಿಯಮಗಳ ಪ್ರಕಾರ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಬ್ಯಾಂಕ್ ಸಾಲ ಮಂಜೂರಾಗಿ, ಅಡಿಪಾಯ ಬಿದ್ದ ಮೇಲೆ ಈ ವಿಷಯ ನೆನಪಾದರೆ ನಷ್ಟ ಉದ್ಯಮಿಯದೇ.

ವಾಣಿಜ್ಯ ಸಂಘಗಳ ಹೊಣೆಯೂ ಇದೆ. ಹೆಚ್ಚು ವಿಮಾನ ಬೇಕೆಂಬ ಮನವಿಯ ಜೊತೆಗೆ, ಉಪಕರಣಗಳ ಅಳವಡಿಕೆ ಯಾವ ಹಂತದಲ್ಲಿದೆ, ತಪಾಸಣೆಯಲ್ಲಿ ಕಂಡ ಲೋಪಗಳು ತಿದ್ದಲ್ಪಟ್ಟವೇ, ಮಳೆಗಾಲದಲ್ಲಿ ರದ್ದಾದ ಹಾರಾಟಗಳೆಷ್ಟು ಎಂಬ ಪ್ರಶ್ನೆಗಳನ್ನೂ ನಿಲ್ದಾಣದ ಆಡಳಿತದ ಮುಂದೆ ಲಿಖಿತವಾಗಿ ಇರಿಸುವುದು ಸೂಕ್ತ. ರದ್ದಾದ ಪ್ರತಿಯೊಂದು ಹಾರಾಟದಿಂದ ಸದಸ್ಯರಿಗಾದ ನಷ್ಟದ ಪಟ್ಟಿಯನ್ನು ಸಂಘವೇ ಇರಿಸಿಕೊಂಡಲ್ಲಿ ಮನವಿಗೆ ತೂಕ ಬರುತ್ತದೆ. ಅಂಕಿಯಿಲ್ಲದ ಅಹವಾಲು ರಸೀದಿಯಿಲ್ಲದ ಖರ್ಚಿನಂತೆ, ಯಾರೂ ಒಪ್ಪುವುದಿಲ್ಲ.

ಮಂಜಿನಿಂದ ಮರಳಿಹೋದ ವಿಮಾನ ಒಂದು ದಿನದ ವ್ಯವಹಾರವನ್ನು ಕೆಡಿಸಿರಬಹುದು. ಆದರೆ ಅದರಲ್ಲಿದ್ದ ಖರೀದಿದಾರರು ಕ್ಷೇಮವಾಗಿ ಬೆಂಗಳೂರಿನಲ್ಲಿ ಇಳಿದಿದ್ದಾರೆ; ನಾಳೆ ಮತ್ತೆ ಬರುತ್ತಾರೆ. ಮಾದರಿ ಚೀಲಗಳು ಅಲ್ಲಿಯವರೆಗೆ ಕಾಯಬಲ್ಲವು.